ಶಿಕ್ಷೆ ಬರೆದವರು, ಶಿಕ್ಷೆ ಉಂಡವರು: ಹುಬ್ಬಳ್ಳಿ ಸೆಟ್ಲಮೆಂಟಿನ ಇತಿಹಾಸ

ನೂರು ವರ್ಷದ ಹಿಂದೆ ನಮ್ಮ ಧಾರವಾಡ ಜಿಲ್ಲೆಯಲ್ಲಿ ಒಂದೇ ಅಪರಾಧಕ್ಕೆ ಎರಡು ಥರದ ಶಿಕ್ಷೆ ಇತ್ತು. ಸುಲಿಗೆ ಮಾಡಿ ಎರಡನೇ ಸಲ ಸಿಕ್ಕಿಬಿದ್ದವನಿಗೆ ಎಷ್ಟು ವರ್ಷ ಜೈಲು ಎಂಬುದನ್ನು ನ್ಯಾಯಾಧೀಶರು ಕೇಸಿನ ಹಕೀಕತ್ತು ನೋಡಿ ತೀರ್ಮಾನಿಸುತ್ತಿದ್ದರು. ಆದರೆ ಅದೇ ಮನುಷ್ಯ ಸರ್ಕಾರ ಪಟ್ಟಿ ಮಾಡಿದ ಒಂದು ಜಾತಿಯಲ್ಲಿ ಹುಟ್ಟಿದ್ದರೆ ಕನಿಷ್ಠ ಏಳು ವರ್ಷ. ಮೂರನೇ ಸಲವಾದರೆ ಜೀವಾವಧಿ ಕರಿನೀರು. ಇದಕ್ಕಿಂತ ಕಡಿಮೆ ಕೊಡಬೇಕೆಂದರೆ ನ್ಯಾಯಾಧೀಶರು ವಿಶೇಷ ಕಾರಣ ತೋರಿಸಬೇಕಿತ್ತು.

ಇದು 1924ರ ಅಪರಾಧಿ ಬುಡಕಟ್ಟು ಕಾಯಿದೆಯ 23ನೇ ಕಲಮು. ಅದರ ಮುಂದಿನ 24ನೇ ಕಲಮು ಇನ್ನೂ ವಿಚಿತ್ರವಾಗಿತ್ತು. ಅಂಥ ಜಾತಿಯವನೆಂದು ಹೆಸರು ದಾಖಲಾದ ಮನುಷ್ಯ ಕಳವು ಮಾಡಲು ಹೊಂಚು ಹಾಕಿ ಕೂತಿದ್ದ ಎಂದು ಕೋರ್ಟಿಗೆ ಅನಿಸಿದರೆ ಸಾಕು, ಮೂರು ವರ್ಷದ ತನಕ ಜೈಲು. ಆಗಿನ ದಂಡಸಂಹಿತೆಯಲ್ಲಿ ಸಾದಾ ಕಳವಿಗೆ ಗರಿಷ್ಠ ಶಿಕ್ಷೆಯೇ ಮೂರು ವರ್ಷ. ಅಂದರೆ ಬೇರೆಯವರು ಕದ್ದರೆ ಎಷ್ಟು ಶಿಕ್ಷೆಯೋ, ಇವರು ಕದಿಯಬಹುದು ಎಂಬ ಅನುಮಾನಕ್ಕೇ ಅಷ್ಟು ಶಿಕ್ಷೆ.

ಅಮ್ಮಿನಬಾವಿಯಿಂದ ಧಾರವಾಡಕ್ಕೆ ಹೋಗಿ, ಅಲ್ಲಿಂದ ಹುಬ್ಬಳ್ಳಿ ಬಸ್ಸು ಹಿಡಿದು, ಇಳಿದು "ಸೆಟ್ಲಮೆಂಟ್" ಅಂದರೆ ಆಟೋದವರಿಗೆ ಇವತ್ತಿಗೂ ಜಾಗ ಗೊತ್ತು. ಗದಗ-ಬೆಟಗೇರಿಯಲ್ಲೂ ಅದೇ ಹೆಸರಿನ ಜಾಗ ಇದೆ. ನಮ್ಮಲ್ಲಿ ಬಹಳ ಮಂದಿ ಅದನ್ನು ಒಂದು ಬಡಾವಣೆಯ ಹೆಸರು ಎಂದಷ್ಟೇ ತಿಳಿದಿದ್ದೇವೆ. ಆ ಹೆಸರು ಬಂದದ್ದು ಈ ಕಾಯಿದೆಯಿಂದ. ಈ ಬರಹದಲ್ಲಿ ಆ ಕತೆಯ ಜೊತೆಗೆ ಒಂದು ಪ್ರಶ್ನೆಯನ್ನೂ ಇಡುತ್ತೇವೆ: ಶಿಕ್ಷೆ ಎಷ್ಟು ಎಂದು ಬರೆಯುವಾಗ, ಆ ಶಿಕ್ಷೆ ಉಂಡವರನ್ನು ಯಾರಾದರೂ ಕೇಳಿದರೇ?

ಕಾಯಿದೆ ಬಂದ ದಾರಿ

ಮೊದಲ ಕಾಯಿದೆ ಬಂದದ್ದು 1871ರಲ್ಲಿ. ಆಗ ಅದು ಉತ್ತರ ಭಾರತಕ್ಕಷ್ಟೇ ಅನ್ವಯಿಸುತ್ತಿತ್ತು. ಅದನ್ನು ಮಂಡಿಸಿದವರ ತರ್ಕ ಸರಳ: ಈ ದೇಶದಲ್ಲಿ ಕಸುಬು ಜಾತಿಯಿಂದ ಬರುತ್ತದೆ, ಬಡಗಿಯ ಮಗ ಬಡಗಿ, ನೇಕಾರನ ಮಗ ನೇಕಾರ, ಹಾಗೆಯೇ ಕಳ್ಳತನವೂ ಕೆಲವು ಜಾತಿಗಳ ಕುಲಕಸುಬು. ನಮ್ಮ ಜಾತಿ ಪದ್ಧತಿಯನ್ನು ಹೊರಗಿನಿಂದ ನೋಡಿದ ಅಧಿಕಾರಿಗಳು ಅದನ್ನೇ ಕಾನೂನಿನ ಬುನಾದಿ ಮಾಡಿಕೊಂಡರು.

1911ರಲ್ಲಿ ಕಾಯಿದೆ ಇಡೀ ಬ್ರಿಟಿಷ್ ಇಂಡಿಯಾಕ್ಕೆ ಹರಡಿತು. ಧಾರವಾಡ ಆಗ ಮುಂಬೈ ಪ್ರಾಂತದಲ್ಲಿತ್ತು, ಹಾಗಾಗಿ ನಮಗೂ ಬಂತು. 1924ರಲ್ಲಿ ಎಲ್ಲವನ್ನೂ ಒಟ್ಟುಗೂಡಿಸಿ ಹೊಸ ಕಾಯಿದೆ ಬರೆದರು. ಒಂದು ಬುಡಕಟ್ಟು ಜಾಮೀನು ಸಿಗದಂಥ ಅಪರಾಧಗಳನ್ನು ರೂಢಿಯಾಗಿ ಮಾಡುತ್ತದೆ ಎಂದು ಪ್ರಾಂತ ಸರ್ಕಾರಕ್ಕೆ "ನಂಬಲು ಕಾರಣ" ಇದ್ದರೆ ಗೆಜೆಟ್ಟಿನಲ್ಲಿ ಹೆಸರು ಹಾಕಬಹುದಿತ್ತು. ಹಾಗೆ ಹೆಸರು ಹಾಕಿದ ಮೇಲೆ ಅದು ಸರಿಯೋ ತಪ್ಪೋ ಎಂದು ಯಾವ ಕೋರ್ಟೂ ಪ್ರಶ್ನೆ ಮಾಡುವಂತಿರಲಿಲ್ಲ. ಅದನ್ನೂ ಕಾಯಿದೆಯಲ್ಲೇ ಬರೆದಿದ್ದರು.

ನಮ್ಮ ಭಾಗದಲ್ಲಿ ಈ ಬಲೆಗೆ ಬಿದ್ದವರು ಗಂಟಿಚೋರರು, ಹರಣಶಿಕಾರಿಗಳು, ಕೊರವರು, ಛಪ್ಪರಬಂದರು, ಕಂಜರಭಾಟರು ಮುಂತಾದವರು. ಬೇಟೆ, ಬುಟ್ಟಿ ಹೆಣಿಕೆ, ಉಪ್ಪು-ಧಾನ್ಯದ ಸಾಗಾಟ, ಜಾತ್ರೆಯಿಂದ ಜಾತ್ರೆಗೆ ತಿರುಗುವ ವ್ಯಾಪಾರ, ಇಂಥ ಕಸುಬು ನಂಬಿ ಊರೂರು ಅಲೆಯುತ್ತಿದ್ದ ಕುಟುಂಬಗಳು ಇವರಲ್ಲಿ ಬಹಳ. ರೈಲು ಬಂದ ಮೇಲೆ ಎತ್ತಿನ ಮೇಲೆ ಹೇರಿ ಸಾಗಿಸುವ ಕೆಲಸ ಕಡಿಮೆಯಾಯಿತು. ಅರಣ್ಯ ಕಾನೂನು ಬಂದ ಮೇಲೆ ಅಡವಿಯೊಳಗೆ ಕಾಲಿಡುವುದೇ ತಪ್ಪಾಯಿತು. ದುಡಿಮೆ ಹೋದವರಲ್ಲಿ ಕೆಲವರು ಕಳವಿಗೆ ಇಳಿದದ್ದು ಸುಳ್ಳಲ್ಲ. ಆದರೆ ಕಾಯಿದೆ ಆ ಕೆಲವರನ್ನು ಹುಡುಕಲಿಲ್ಲ. ಆಗ ತಾನೇ ತೊಟ್ಟಿಲಲ್ಲಿದ್ದ ಕೂಸನ್ನೂ ಅದೇ ಪಟ್ಟಿಗೆ ಸೇರಿಸಿತು.

ಗೌಡರಿಗೂ ತಳವಾರನಿಗೂ ಒಂದು ಕೆಲಸ

ಹಳ್ಳಿಯವರಾದ ನಾವು ನೆನಪಿಡಬೇಕಾದ ಒಂದು ಮಾತು ಈ ಕಾಯಿದೆಯಲ್ಲಿದೆ. ಪಟ್ಟಿಯಲ್ಲಿದ್ದವರು ಊರಲ್ಲಿ ವಾಸವಿದ್ದರೆ ಅವರು ಯಾವಾಗ ಊರು ಬಿಟ್ಟರು, ಹಾಜರಿಗೆ ಯಾರು ಬರಲಿಲ್ಲ ಎಂಬ ಸುದ್ದಿಯನ್ನು ಠಾಣೆಗೆ ಮುಟ್ಟಿಸುವ ಜವಾಬ್ದಾರಿ ಊರ ಮುಖ್ಯಸ್ಥ ಮತ್ತು ಕಾವಲುಗಾರನ ಮೇಲಿತ್ತು. ನಮ್ಮ ಕಡೆ ಅಂದರೆ ಪೊಲೀಸ್ ಪಾಟೀಲಕಿ ಮಾಡುತ್ತಿದ್ದ ಗೌಡರು ಮತ್ತು ತಳವಾರ. ಜಮೀನಿನ ಮಾಲೀಕರಿಗೂ ಇದೇ ಹೊಣೆ ಇತ್ತು. ಹೀಗೆ ಊರೇ ಕಾವಲಾಯಿತು. ಊರ ಹೊರಗೆ ಗುಡಿಸಲು ಹಾಕಿದವರ ಮೇಲೆ ನಮ್ಮ ಹಿರಿಯರಿಗೆ ಇದ್ದ ಅನುಮಾನಕ್ಕೆ ಸರ್ಕಾರದ ಮೊಹರು ಬಿತ್ತು.

ಪಟ್ಟಿಯಲ್ಲಿ ಹೆಸರು ದಾಖಲಾದವರು ಗೊತ್ತು ಮಾಡಿದ ಹೊತ್ತಿಗೆ ಹಾಜರಿ ಕೊಡಬೇಕು. ಬೇರೆ ಊರಿಗೆ ಹೋಗಬೇಕಾದರೆ ತಿಳಿಸಿ, ಪಾಸು ಪಡೆದು ಹೋಗಬೇಕು. ಬೆರಳಚ್ಚನ್ನು ಯಾವಾಗ ಕೇಳಿದರೆ ಆವಾಗ ಕೊಡಬೇಕು. ಬೀಗರ ಊರಲ್ಲಿ ಸಾವಾದರೂ ಮೊದಲು ಪಾಸು, ಆಮೇಲೆ ಮಣ್ಣು. ನಿಯಮ ತಪ್ಪಿದರೆ ಅದೇ ಒಂದು ಅಪರಾಧ.

ಹುಬ್ಬಳ್ಳಿಯ ಸೆಟ್ಲಮೆಂಟ್

ಹಾಜರಿಯಿಂದ ಸಾಲದೆಂದು ಸರ್ಕಾರ ಇಡೀ ಕುಟುಂಬಗಳನ್ನು ಒಂದೆಡೆ ತಂದು ಕೂಡಿಸತೊಡಗಿತು. ಅದೇ ಸೆಟ್ಲಮೆಂಟ್. ಮುಂಬೈ ಪ್ರಾಂತದಲ್ಲಿ ಈ ಕೆಲಸದ ಹೊಣೆ ಹೊತ್ತವರು ಒ.ಎಚ್.ಬಿ. ಸ್ಟಾರ್ಟೆ ಎಂಬ ಐಸಿಎಸ್ ಅಧಿಕಾರಿ. ವಿಜಾಪುರದಲ್ಲಿ ಶುರುವಾದ ಈ ಪ್ರಯೋಗ ಹುಬ್ಬಳ್ಳಿ, ಗದಗ, ಸೊಲ್ಲಾಪುರಗಳಿಗೆ ಹಬ್ಬಿತು. ಕೆಲವು ಸೆಟ್ಲಮೆಂಟುಗಳನ್ನು ಸರ್ಕಾರವೇ ನಡೆಸಿತು, ಕೆಲವನ್ನು ಮಿಷನರಿಗಳಿಗೆ ವಹಿಸಿತು. ಸೊಲ್ಲಾಪುರದ್ದನ್ನು ಅಮೆರಿಕನ್ ಮರಾಠಿ ಮಿಷನ್ ನೋಡಿಕೊಳ್ಳುತ್ತಿತ್ತು.

ಈ ಊರುಗಳನ್ನೇ ಯಾಕೆ ಆರಿಸಿದರು? ಹುಬ್ಬಳ್ಳಿ, ಗದಗ, ಸೊಲ್ಲಾಪುರಗಳಲ್ಲಿ ನೂಲಿನ ಗಿರಣಿಗಳಿದ್ದವು. ಹುಬ್ಬಳ್ಳಿಯಲ್ಲಿ ರೈಲ್ವೆ ವರ್ಕ್‌ಶಾಪ್ ಇತ್ತು. ಗಿರಣಿಗೆ ಕೂಲಿಯಾಳು ಬೇಕು. ಸೆಟ್ಲಮೆಂಟಿನವರು ಕೆಲಸ ಬಿಟ್ಟು ಓಡಿಹೋಗುವಂತಿಲ್ಲ. ಓಡಿಹೋದರೆ ಪೊಲೀಸರು ಹಿಡಿದು ತರುತ್ತಾರೆ. ಇಂಥ ಕೂಲಿ ಯಾವ ಮಾಲೀಕನಿಗೆ ಬೇಡ?

ಇನ್ನೊಂದು ಮುಖವನ್ನೂ ಹೇಳಬೇಕು. ಸೆಟ್ಲಮೆಂಟಿನಲ್ಲಿ ಶಾಲೆ ಇತ್ತು, ಔಷಧಿ ಇತ್ತು, ತಲೆಯ ಮೇಲೊಂದು ಸೂರು ಇತ್ತು. ಒಳ್ಳೆಯ ನಡತೆ ತೋರಿಸಿದವರನ್ನು ಬೇಲಿಯಾಚೆಯ "ಮುಕ್ತ ವಸಾಹತಿ"ಗೆ ಕಳಿಸುವ ಪದ್ಧತಿ ಇತ್ತು. ಹಾಗೆ ಕಲಿತು ನೌಕರಿ ಹಿಡಿದ ಕುಟುಂಬಗಳೂ ಇವೆ. ಆದರೆ ಅದೇ ಕಾಯಿದೆ ಆರು ವರ್ಷ ದಾಟಿದ ಮಕ್ಕಳನ್ನು ತಾಯಿತಂದೆಯಿಂದ ಬೇರ್ಪಡಿಸಿ ಸುಧಾರಣಾ ಶಾಲೆಗೆ ಹಾಕುವ ಅಧಿಕಾರವನ್ನೂ ಕೊಟ್ಟಿತ್ತು. ಅಕ್ಷರ ಕೊಟ್ಟ ಕೈಯೇ ಹಾಜರಿ ಪುಸ್ತಕವನ್ನೂ ಹಿಡಿದಿತ್ತು. ಇವೆರಡನ್ನೂ ಉಂಡವರು ಮಾತ್ರ ಯಾವುದು ಎಷ್ಟು ಭಾರ ಎಂದು ಹೇಳಬಲ್ಲರು. ಅವರನ್ನು ಕೇಳಿದ ದಾಖಲೆ ಕಡಿಮೆ. ನಮಗೆ ಸಿಗುವ ಕಾಗದಗಳಲ್ಲಿ ಹೆಚ್ಚಿನವು ಅಧಿಕಾರಿಗಳ ವಾರ್ಷಿಕ ವರದಿಗಳು.

ಸಮಿತಿಯ ಸದಸ್ಯನಿಗೆ ಟಾಂಗಾ ಸಿಗಲಿಲ್ಲ

ಇದೇ ಸ್ಟಾರ್ಟೆ 1928ರಲ್ಲಿ ಮತ್ತೊಂದು ಸಮಿತಿಯ ಅಧ್ಯಕ್ಷರಾದರು. ಮುಂಬೈ ಪ್ರಾಂತದ ಅಸ್ಪೃಶ್ಯರ ಮತ್ತು ಬುಡಕಟ್ಟುಗಳ ಸ್ಥಿತಿ ಅರಿಯಲು ನೇಮಿಸಿದ ಸಮಿತಿ ಅದು. ಅದರ ಸದಸ್ಯರಲ್ಲಿ ಡಾ. ಬಿ.ಆರ್. ಅಂಬೇಡ್ಕರ್ ಒಬ್ಬರು.

1929ರಲ್ಲಿ ಆ ಸಮಿತಿಯ ಕೆಲಸದ ಮೇಲೆ ಅಂಬೇಡ್ಕರ್ ಖಾನದೇಶಕ್ಕೆ ಹೋದಾಗ ಚಾಳಿಸಗಾಂವ್ ಸ್ಟೇಷನ್ನಿನಲ್ಲಿ ಒಬ್ಬ ಟಾಂಗಾವಾಲಾನೂ ಅವರನ್ನು ಕೂರಿಸಿಕೊಂಡು ಗಾಡಿ ಹೊಡೆಯಲು ಒಪ್ಪಲಿಲ್ಲ. ಕೊನೆಗೆ ಟಾಂಗಾ ಬಾಡಿಗೆಗೆ ಸಿಕ್ಕಿತು, ಹೊಡೆಯುವವ ಸಿಗಲಿಲ್ಲ. ರೂಢಿಯಿಲ್ಲದ ಮಹಾರನೊಬ್ಬ ಲಗಾಮು ಹಿಡಿದ. ದಾರಿಯಲ್ಲಿ ಗಾಡಿ ಅಪಘಾತವಾಗಿ ಅಂಬೇಡ್ಕರ್ ಕಲ್ಲುಹಾಸಿನ ಮೇಲೆ ಬಿದ್ದು ಕಾಲು ಮುರಿದುಕೊಂಡರು. ಈ ಘಟನೆಯನ್ನು ಅವರೇ ಆಮೇಲೆ ಬರೆದಿಟ್ಟಿದ್ದಾರೆ. ಅಸ್ಪೃಶ್ಯತೆಯ ಕುರಿತು ವರದಿ ಬರೆಯಲು ಹೊರಟವನಿಗೇ ಅದರ ಏಟು ಬಿತ್ತು. ಬೇರೆ ಸದಸ್ಯರು ಸಾಕ್ಷಿ ಹೇಳಿದವರ ಬಾಯಿಂದ ಕೇಳಿ ತಿಳಿಯಬೇಕಾದದ್ದು ಅವರಿಗೆ ಮೈಯಲ್ಲೇ ಗೊತ್ತಿತ್ತು. ಇಂಥ ಒಬ್ಬರು ಮೇಜಿನ ಸುತ್ತ ಕೂತಿದ್ದರೆ ಯಾವ ಪ್ರಶ್ನೆ ಕೇಳಬೇಕು ಎಂಬುದೇ ಬದಲಾಗುತ್ತದೆ.

ಅಪರಾಧಿ ಬುಡಕಟ್ಟು ಕಾಯಿದೆಗೆ ಈ ಭಾಗ್ಯ ಬರಲಿಲ್ಲ. 1871ರಲ್ಲೂ 1924ರಲ್ಲೂ ಅದನ್ನು ಪಾಸು ಮಾಡಿದ ಸಭೆಯಲ್ಲಿ ಹಾಜರಿ ಕೊಟ್ಟು ಬಲ್ಲವರು ಯಾರೂ ಕೂತಿರಲಿಲ್ಲ.

1952: ಕಾಯಿದೆ ಹೋಯಿತು, ಹೆಸರು ಉಳಿಯಿತು

1936ರಲ್ಲಿ ನೆಲ್ಲೂರಿನಲ್ಲಿ ಮಾತಾಡುತ್ತ ಜವಾಹರಲಾಲ ನೆಹರು ಈ ಕಾಯಿದೆಯನ್ನು ಕಟುವಾಗಿ ಖಂಡಿಸಿದರು. ಮುಂದಿನ ವರ್ಷ ಮುಂಬೈಯಲ್ಲಿ ಕಾಂಗ್ರೆಸ್ ಮಂತ್ರಿಮಂಡಲ ಬಂದಾಗ ಗೃಹಮಂತ್ರಿ ಕೆ.ಎಂ. ಮುನ್ಶಿಯವರ ನೇತೃತ್ವದಲ್ಲಿ ವಿಚಾರಣಾ ಸಮಿತಿಯಾಯಿತು. ಮದ್ರಾಸು ಮತ್ತು ಮುಂಬೈ ಪ್ರಾಂತಗಳು ಬೇರೆಯವರಿಗಿಂತ ಮೊದಲೇ ಕಾಯಿದೆಯನ್ನು ಕೈಬಿಟ್ಟವು. 1949ರಲ್ಲಿ ಕೇಂದ್ರ ಸರ್ಕಾರ ಅನಂತಶಯನಂ ಅಯ್ಯಂಗಾರ್ ಸಮಿತಿ ನೇಮಿಸಿತು. ಆಗ ದೇಶದಲ್ಲಿ ಸುಮಾರು 23 ಲಕ್ಷ ಮಂದಿ ಈ ಕಾಯಿದೆಯಡಿ ಇದ್ದರು. 1952ರ ಆಗಸ್ಟ್ 31ರಂದು ದೇಶದ ಎಲ್ಲ ಕಡೆ ಅದು ರದ್ದಾಯಿತು. ಅದಕ್ಕೇ ಆ ದಿನವನ್ನು ಈ ಸಮುದಾಯಗಳು ವಿಮುಕ್ತ ದಿನವೆಂದು ಆಚರಿಸುತ್ತವೆ. ಉಳಿದವರಿಗೆ ಸ್ವಾತಂತ್ರ್ಯ ಬಂದು ಐದು ವರ್ಷ ಹದಿನಾರು ದಿನದ ಮೇಲೆ ಇವರದ್ದು ಬಂತು.

ಆದರೆ ಅಯ್ಯಂಗಾರ್ ಸಮಿತಿ ರದ್ದತಿಯ ಜೊತೆಗೆ ಇನ್ನೊಂದು ಸಲಹೆ ಕೊಟ್ಟಿತ್ತು: ಜಾತಿ ನೋಡದೆ, ಪದೇ ಪದೇ ಅಪರಾಧ ಮಾಡುವವರಿಗೆಲ್ಲ ಅನ್ವಯಿಸುವ ಕಾನೂನು ತನ್ನಿ ಎಂದು. ಒಂದೊಂದೇ ರಾಜ್ಯ ರೂಢಿಗತ ಅಪರಾಧಿಗಳ ಕಾಯಿದೆ ಮಾಡಿತು. 1956ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. 1961ರಲ್ಲಿ ಇಲ್ಲೂ ಅಂಥ ಕಾಯಿದೆ ಬಂತು. ಕಾಗದದ ಮೇಲೆ ಜಾತಿ ಇರಲಿಲ್ಲ. ಆದರೆ ಠಾಣೆಯ ಹಳೇ ಪುಸ್ತಕದಲ್ಲಿ ಯಾರ ಹೆಸರಿತ್ತೋ ಅವರನ್ನೇ ಮೊದಲು ಹಿಡಿಯುವ ರೂಢಿ ಎಲ್ಲಿ ಹೋಗುತ್ತದೆ? ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2000ದಲ್ಲಿ, ವಿಶ್ವಸಂಸ್ಥೆಯ ಜನಾಂಗೀಯ ತಾರತಮ್ಯ ವಿರೋಧಿ ಸಮಿತಿ 2007ರಲ್ಲಿ ಈ ಕಾಯಿದೆಗಳನ್ನು ತೆಗೆಯಿರಿ ಎಂದವು.

ಹೆಸರಿನ ಸಂಗತಿಯೂ ಇದೆ. ಕರ್ನಾಟಕದ ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿ ಇವತ್ತಿಗೂ "ಗಂಟಿಚೋರ" ಎಂಬ ಹೆಸರಿದೆ. ಗಂಟು ಕದಿಯುವವ ಎಂದು ಅದರ ಅರ್ಥ. ಸ್ಕಾಲರ್‌ಶಿಪ್‌ಗೆ ಅರ್ಜಿ ಹಾಕುವ ಹುಡುಗಿ ತಾನು ಚೋರರವಳು ಎಂದು ಸರ್ಕಾರದ ಸಹಿ ಇರುವ ಕಾಗದವನ್ನು ಕಚೇರಿಯಲ್ಲಿ ಕೊಡಬೇಕು.

ಉಂಡವರು ಬಾಯಿ ಬಿಟ್ಟಾಗ

ಬದಲಾವಣೆ ಬಂದದ್ದು ಆ ಜನರೇ ಮಾತಾಡಲು ಶುರು ಮಾಡಿದ ಮೇಲೆ. ಮುಂಬೈ ಪ್ರಾಂತದ ಹಳೇ ಗೆಜೆಟಿಯರು ಗಂಟಿಚೋರ, ಉಚಲ್ಯಾ, ಭಾಮ್ಟಾ ಎಲ್ಲವನ್ನೂ ಒಂದೇ ಜನರ ಹೆಸರುಗಳೆಂದು ಬರೆಯುತ್ತದೆ. ಆ ಉಚಲ್ಯಾ ಸಮುದಾಯದ ಲಕ್ಷ್ಮಣ ಗಾಯಕವಾಡ ಮರಾಠಿಯಲ್ಲಿ ತಮ್ಮ ಬದುಕನ್ನು "ಉಚಲ್ಯಾ" ಎಂದೇ ಬರೆದರು. ಅದಕ್ಕೆ 1988ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಬೈಗುಳದ ಹೆಸರನ್ನೇ ಪುಸ್ತಕದ ಮೇಲೆ ಹಾಕಿ, ಕಳವು ಹೇಗೆ ಹಸಿವಿನಿಂದ ಹುಟ್ಟುತ್ತದೆ, ಪೊಲೀಸರ ಏಟು ಹೇಗೆ ಮನೆಯವರೆಗೂ ಬರುತ್ತದೆ ಎಂದು ಒಳಗಿನಿಂದ ತೋರಿಸಿದರು.

1998ರ ಫೆಬ್ರವರಿಯಲ್ಲಿ ಪಶ್ಚಿಮ ಬಂಗಾಳದ ಪುರುಲಿಯಾದಲ್ಲಿ ಬುಧನ್ ಶಬರ ಎಂಬ ಯುವಕ ಪೊಲೀಸರ ವಶದಲ್ಲಿ ಸತ್ತ. ಅವನೂ ಒಂದು ವಿಮುಕ್ತ ಬುಡಕಟ್ಟಿನವ. ಬರಹಗಾರ್ತಿ ಮಹಾಶ್ವೇತಾ ದೇವಿ ಕೇಸನ್ನು ಕಲ್ಕತ್ತಾ ಹೈಕೋರ್ಟಿನವರೆಗೆ ಒಯ್ಯಲು ನೆರವಾದರು. ಕೋರ್ಟು ಸಿಬಿಐ ತನಿಖೆಗೂ ಪರಿಹಾರಕ್ಕೂ ಆದೇಶಿಸಿತು. ಅದೇ ವರ್ಷ ಮಹಾಶ್ವೇತಾ ದೇವಿ, ಲಕ್ಷ್ಮಣ ಗಾಯಕವಾಡ, ಗಣೇಶ ದೇವಿ ಸೇರಿ ವಿಮುಕ್ತ ಮತ್ತು ಅಲೆಮಾರಿ ಬುಡಕಟ್ಟುಗಳ ಹಕ್ಕಿಗಾಗಿ ಸಂಘಟನೆ ಕಟ್ಟಿದರು. ಅಹಮದಾಬಾದಿನ ಛಾರಾನಗರದ ಯುವಕರು ಬುಧನ್ ಸಾವಿನ ಮೇಲೆ ನಾಟಕ ಆಡಿ ಬುಧನ್ ಥಿಯೇಟರ್ ಕಟ್ಟಿದರು. ಛಾರಾನಗರವೂ ಒಂದು ಕಾಲದ ಸೆಟ್ಲಮೆಂಟೇ. ಗಣೇಶ ದೇವಿಯವರು ಆಮೇಲೆ ನಮ್ಮ ಧಾರವಾಡಕ್ಕೆ ಬಂದು ನೆಲೆಸಿದರು.

2008ರಲ್ಲಿ ವರದಿ ಕೊಟ್ಟ ರಾಷ್ಟ್ರೀಯ ಆಯೋಗದ ಅಧ್ಯಕ್ಷ ಬಾಲಕೃಷ್ಣ ರೇಣಕೆ ಸ್ವತಃ ಅಲೆಮಾರಿ ಸಮುದಾಯದಲ್ಲಿ ಹುಟ್ಟಿದವರು. 1871ರಿಂದ ಲೆಕ್ಕ ಹಾಕಿದರೆ ಅಂಥವರಿಗೆ ಅಧ್ಯಕ್ಷರ ಕುರ್ಚಿ ಸಿಗಲು 130 ವರ್ಷ ದಾಟಿತು.

ಪತ್ರಿಕೋದ್ಯಮ ಓದಿದ ನಮಗೆ ಇನ್ನೊಂದು ಘಟನೆ ಬಹಳ ಮುಖ್ಯ ಅನಿಸುತ್ತದೆ. ಜೈಲಿನೊಳಗೆ ಜಾತಿ ನೋಡಿ ಕೆಲಸ ಹಂಚುತ್ತಾರೆ ಎಂದು ಪತ್ರಕರ್ತೆ ಸುಕನ್ಯಾ ಶಾಂತಾ 2020ರಲ್ಲಿ ವರದಿ ಮಾಡಿದರು. ಜೈಲಿನಲ್ಲಿದ್ದು ಬಂದವರ ಮಾತೇ ಆ ವರದಿಯ ಜೀವಾಳ. ಅವರೇ ಸುಪ್ರೀಂ ಕೋರ್ಟಿಗೆ ಹೋದರು. 2024ರ ಅಕ್ಟೋಬರ್ 3ರಂದು ಮುಖ್ಯ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಅವರ ಪೀಠ ಹಲವು ರಾಜ್ಯಗಳ ಜೈಲು ಕೈಪಿಡಿಗಳ ಜಾತಿ ನಿಯಮಗಳನ್ನು ಕಿತ್ತುಹಾಕಿತು. ಅಲೆಮಾರಿ ಬುಡಕಟ್ಟಿನವರಿಗೆ ಓಡಿಹೋಗುವುದು ಹುಟ್ಟುಗುಣ ಎಂಬರ್ಥದ ಸಾಲು ಒಂದು ಕೈಪಿಡಿಯಲ್ಲಿ ಆವರೆಗೂ ಇತ್ತು! ಕೈದಿಗಳ ದಾಖಲೆಯಿಂದ ಜಾತಿಯ ಕಾಲಂ ತೆಗೆಯಬೇಕು, ವಿಮುಕ್ತ ಸಮುದಾಯದವರನ್ನು ಮನಬಂದಂತೆ ಬಂಧಿಸಬಾರದು ಎಂದು ಕೋರ್ಟು ಹೇಳಿತು.

ಈಗ ಯಾರನ್ನು ಕೇಳುತ್ತಾರೆ?

ಇದೆಲ್ಲ ಹಳೇ ಕತೆ ಎಂದು ಬಿಡುವಂತಿಲ್ಲ. ಯಾವ ಅಪರಾಧಕ್ಕೆ ಯಾವ ಸಂದರ್ಭದಲ್ಲಿ ಎಷ್ಟು ಶಿಕ್ಷೆ ಕೊಡಬೇಕು ಎಂಬ ಮಾರ್ಗಸೂಚಿ ನಮ್ಮ ದೇಶದಲ್ಲಿಲ್ಲ. ಕರ್ನಾಟಕ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದ ವಿ.ಎಸ್. ಮಳಿಮಠರ ಸಮಿತಿ 2003ರಲ್ಲೇ ಇದಕ್ಕೊಂದು ಕಾಯಂ ಸಮಿತಿ ಬೇಕು ಎಂದಿತ್ತು. ಅದು ಆಗಲಿಲ್ಲ. 2020ರಲ್ಲಿ ಅಪರಾಧ ಕಾನೂನುಗಳನ್ನೇ ಹೊಸದಾಗಿ ಬರೆಯಲು ಕೇಂದ್ರ ಸರ್ಕಾರ ಸಮಿತಿ ಮಾಡಿತು. ಅದರಲ್ಲಿ ಮಹಿಳೆಯರಿಲ್ಲ, ಶೋಷಿತ ಸಮುದಾಯಗಳವರಿಲ್ಲ ಎಂದು ಆಗಲೇ ಅನೇಕರು ಆಕ್ಷೇಪಿಸಿದ್ದರು. ಜನಾಭಿಪ್ರಾಯ ಕೇಳಿದ್ದು ಆನ್‌ಲೈನ್ ಪ್ರಶ್ನಾವಳಿಯಲ್ಲಿ.

2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಒಂದು ಒಳ್ಳೆಯ ಅಂಶವಿದೆ. ಐದು ಸಾವಿರ ರೂಪಾಯಿಗಿಂತ ಕಡಿಮೆ ಬೆಲೆಯ ವಸ್ತು ಕದ್ದು ಮೊದಲ ಸಲ ಶಿಕ್ಷೆಗೊಳಗಾದವ ಅದನ್ನು ಮರಳಿಸಿದರೆ ಜೈಲಿನ ಬದಲು ಸಮುದಾಯ ಸೇವೆ. ಆದರೆ ಅದೇ 303ನೇ ಕಲಮಿನಲ್ಲಿ, ಕಳವಿನ ಕೇಸಿನಲ್ಲಿ ಎರಡನೇ ಸಲ ಶಿಕ್ಷೆಯಾದರೆ ಕನಿಷ್ಠ ಒಂದು ವರ್ಷ, ಗರಿಷ್ಠ ಐದು ವರ್ಷ ಕಠಿಣ ಸಜೆ ಎಂದಿದೆ.

ಎರಡನೇ ತಪ್ಪಿಗೆ ಹೆಚ್ಚು ಶಿಕ್ಷೆ ಅಂದರೆ ಮೇಲ್ನೋಟಕ್ಕೆ ನ್ಯಾಯವೇ ಅನಿಸುತ್ತದೆ. ಆದರೆ ಮೊದಲನೆಯದು ಹೇಗೆ ದಾಖಲಾಯಿತು ಎಂಬುದನ್ನು ಕೋರ್ಟು ಅಲೆದವರು ಬಲ್ಲರು. ಜಾಮೀನು ಆದೇಶವಾದರೂ ಜಾಮೀನುದಾರ ಬೇಕು, ಅವನ ಹೆಸರಲ್ಲಿ ಉತಾರ ಬೇಕು. ಹೊಲವಿಲ್ಲದ, ಊರೂರು ತಿರುಗುವವನಿಗೆ ಉತಾರ ಕೊಡುವವರು ಯಾರು? ತಿಂಗಳುಗಟ್ಟಲೆ ಒಳಗಿರುವುದಕ್ಕಿಂತ ತಪ್ಪೊಪ್ಪಿಕೊಂಡು ದಂಡ ಕಟ್ಟಿ ಹೊರಬರುವುದು ವಾಸಿ ಎಂದು ಅಂಥವನು ಒಪ್ಪಿಕೊಂಡುಬಿಡಬಹುದು. ಆ ಒಪ್ಪಿಗೆಯೇ ಮೊದಲ ಶಿಕ್ಷೆಯಾಗಿ ದಾಖಲಾಗುತ್ತದೆ. ಮುಂದೆ ಮತ್ತೊಮ್ಮೆ ಸಿಕ್ಕಿಬಿದ್ದರೆ ಒಂದು ವರ್ಷ ತಪ್ಪದು. ಹೊಲ ಇದ್ದವನಿಗೂ ಇಲ್ಲದವನಿಗೂ ಕಲಮು ಒಂದೇ, ಬೀಳುವ ಭಾರ ಬೇರೆ. ಇದನ್ನು ಕಾನೂನು ಬರೆಯುವ ಮೇಜಿನ ಬಳಿ ಹೇಳಬಲ್ಲವರು ಈ ದಾರಿ ನಡೆದವರು.

ಹಾಗಾದರೆ ಕಳವಾದವರ ಗತಿಯೇನು ಎಂದು ನೀವು ಕೇಳಬಹುದು. ಸರಿಯಾದ ಪ್ರಶ್ನೆ. ರಾತ್ರೋರಾತ್ರಿ ಪಂಪ್‌ಸೆಟ್ಟಿನ ಕೇಬಲ್ ಹೋದರೆ, ಹಕ್ಕಿಯಿಂದ ಎತ್ತು ಬಿಚ್ಚಿಕೊಂಡು ಹೋದರೆ ಆ ರೈತನ ವರ್ಷದ ಬಾಳು ಹಾಳು. ಅವರ ಮಾತೂ ಬೇಕು. ಅಪರಾಧಿಗೆ ಎರಡು ವರ್ಷ ಹೆಚ್ಚು ಸಿಕ್ಕರೆ ಸಾಕೋ, ಎತ್ತಿನ ಬೆಲೆ ಕೈಗೆ ಬರಬೇಕೋ ಎಂದು ಅವರನ್ನೂ ಯಾರೂ ಕೇಳುವುದಿಲ್ಲ. ಅಮೆರಿಕದ ಕೇಂದ್ರ ಶಿಕ್ಷಾ ಆಯೋಗ ಅಪರಾಧದಿಂದ ನೊಂದವರ ಸಲಹಾ ಗುಂಪೊಂದನ್ನು ಇಟ್ಟುಕೊಂಡಿದೆ. ಈಚೆಗೆ ಶಿಕ್ಷೆ ಅನುಭವಿಸಿದವರ ಸಲಹೆಗೂ ಒಂದು ಗುಂಪು ಮಾಡಲು ಮುಂದಾಗಿದೆ. ಎರಡೂ ಕಡೆಯವರನ್ನು ಕೂರಿಸಿ ಕೇಳುವುದು ಆಗದ ಕೆಲಸವೇನಲ್ಲ. ಅವರು ಹೇಳಿದ್ದೆಲ್ಲ ಕಾನೂನಾಗಬೇಕೆಂದಿಲ್ಲ. ಅವರನ್ನು ಕೇಳದೆ ಕಾನೂನಾಗಬಾರದು.

ನಮ್ಮ ಊರಿಗೆ ಸಂಬಂಧಿಸಿದ್ದು

ದಿಲ್ಲಿಯ ಸಮಿತಿ ನಮ್ಮ ಕೈಯಲ್ಲಿಲ್ಲ. ಗ್ರಾಮಸಭೆ ನಮ್ಮ ಕೈಯಲ್ಲಿದೆ. ಕಳವಿನ ವಿಷಯ ಚರ್ಚೆಗೆ ಬಂದಾಗ ಊರಂಚಿನಲ್ಲಿ ಇರುವವರನ್ನೂ ಕರೆದು ಕೂರಿಸೋಣ. ಜಾತ್ರೆ ಕಾಲಕ್ಕೆ ಟೆಂಟು ಹಾಕಿದವರ ಮೇಲೆ ಬರೀ ಅನುಮಾನದಿಂದ ಠಾಣೆಗೆ ಫೋನು ಮಾಡುವ ಮೊದಲು, ಗೌಡರಿಗೂ ತಳವಾರನಿಗೂ ಬ್ರಿಟಿಷರು ಕೊಟ್ಟಿದ್ದ ಕೆಲಸ ಇದೇ ಎಂಬುದನ್ನು ನೆನೆಯೋಣ. ಯಾರನ್ನಾದರೂ ಹಿಡಿದರೆ, ಪರಿಶಿಷ್ಟ ಜಾತಿ-ಪಂಗಡದವರಿಗೆ, ಹೆಂಗಸರಿಗೆ, ಬಂಧನದಲ್ಲಿರುವ ಯಾರಿಗೇ ಆಗಲಿ ಬಿಟ್ಟಿ ವಕೀಲರನ್ನು ಕೊಡಬೇಕೆಂದು 1987ರ ಕಾನೂನು ಸೇವೆಗಳ ಕಾಯಿದೆ ಹೇಳುತ್ತದೆ. ಧಾರವಾಡದಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇರುವುದು ಅದಕ್ಕೇ. ತಪ್ಪೊಪ್ಪಿಗೆಗೆ ಹೆಬ್ಬೆಟ್ಟು ಒತ್ತುವ ಮೊದಲು ಆ ವಕೀಲರನ್ನು ಕೇಳಿ ಎಂದು ಒಬ್ಬರಿಗಾದರೂ ಹೇಳಿದರೆ ಒಂದು ಬದುಕು ಉಳಿದೀತು.

ಹುಬ್ಬಳ್ಳಿ, ಗದಗ ಸೆಟ್ಲಮೆಂಟುಗಳ ಹಾಜರಿ ಕಂಡ ತಲೆಮಾರು ಹೆಚ್ಚುಕಡಿಮೆ ಮುಗಿದಿದೆ. ಅವರ ಮಕ್ಕಳು, ಮೊಮ್ಮಕ್ಕಳು ಇದ್ದಾರೆ. ಮನೆಯಲ್ಲಿ ಅಜ್ಜ-ಅಮ್ಮ ಹೇಳಿದ್ದನ್ನು ನೆನಪಿಟ್ಟವರು ನಿಮಗೆ ಗೊತ್ತಿದ್ದರೆ, ಅವರು ಒಪ್ಪಿದರೆ, ಮೊಬೈಲಿನಲ್ಲಿ ಅವರ ಮಾತನ್ನು ದಾಖಲು ಮಾಡಿಡಿ. ಅಧಿಕಾರಿಗಳ ವರದಿಗಳು ಕಪಾಟಿನಲ್ಲಿ ಭದ್ರವಾಗಿವೆ. ಇವರದ್ದನ್ನು ಉಳಿಸುವ ಕೆಲಸ ಇನ್ನೂ ಬಾಕಿ ಇದೆ.